ಒಂಬತ್ತು ಬಾಗಿಲಿನ ಕೈ

ಹಾಚಿನೊಹೆ ಬಂದರು
೯ ಜುಲೈ ೧೯೭೮

ಕಿಯೊಮಿ ಮಗಳೇ,

ನಿನ್ನ ಕಾಗದವನ್ನು ಮಂಜುಗಡ್ಡೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ಓದಿದೆ. ಒಂದು ಸಲ ಓದಿದ್ದು ಸಾಲದೆ ಮತ್ತೆ ಓದಿದೆ. ಅಷ್ಟರಲ್ಲಿ ಇಕ್ಕಳದಲ್ಲಿ ಹಿಡಿದಿದ್ದ ಗಡ್ಡೆ ಕರಗಿ ಬೂಟಿನೊಳಗೆಲ್ಲ ನೀರು. ಮೇಸ್ತ್ರಿ ಬೈದ. ನಾನು ಅವನನ್ನು ತಬ್ಬಿಕೊಂಡೆ. ಯಾಕೆಂದು ಹೇಳಲಿಲ್ಲ. ಯಾರಿಗೂ ಹೇಳಬೇಡಿ ಎಂದು ನೀನು ಕೆಳಗೆ ಗೆರೆ ಎಳೆದು ಬರೆದಿದ್ದೀಯಲ್ಲ. ನನ್ನ ಬಾಯಿಗೆ ಬೀಗ ಹಾಕುವುದೆಂದರೆ ಈ ಬಂದರಿಗೇ ಬೀಗ ಹಾಕಿದ ಹಾಗೆ. ಆದರೂ ಹಾಕಿದ್ದೇನೆ, ನೋಡು.

ಹೋದ ಸಲದ ಮಾತು ನಾನು ಎತ್ತುವುದಿಲ್ಲ. ಡಾಕ್ಟರು ಮಲಗು ಎಂದರೆ ಮಲಗು. ಸೆಂದಾಯ್‌ನಲ್ಲಿ ಸೆಕೆ ಎಂದು ಕಿಟಕಿ ತೆಗೆಯಲು ನೀನೇ ಏಳಬೇಡ. ನಿನ್ನ ಗಂಡ ಕೋಹೆಯ್ ರೈಲು ಓಡಿಸಿ ಮನೆಗೆ ಬರುತ್ತಾನಲ್ಲ, ಅವನ ಕೈಯಲ್ಲಿ ತೆಗೆಸು. ಅಷ್ಟು ದೊಡ್ಡ ರೈಲು ಎಳೆಯುವವನಿಗೆ ಒಂದು ಕಿಟಕಿ ಭಾರವೇ?

ನಿನ್ನ ಬೇಜಾರು ಕಳೆಯಲಿ ಎಂದು ನಮ್ಮ ಮೇಜಿನ ಸುದ್ದಿ ಬರೆಯುತ್ತೇನೆ. ನೂಡಲ್ ಅಂಗಡಿಯ ಮಾಳಿಗೆಯಲ್ಲಿ ತೊಮೆ ನಡೆಸುವ ಮಾಜಾಂಗ್ ಬಿಲ್ಲೆಯಾಟದ ಮನೆ ನಿನಗೆ ಗೊತ್ತೇ ಇದೆ. ನಿನ್ನ ಬೆರಳು ಬಿಲ್ಲೆಗಿಂತ ಚಿಕ್ಕದಿದ್ದಾಗ ನಾನು ಆಟ ಕಲಿಸಿದ್ದು ಅಲ್ಲೇ. ಮಧ್ಯಾಹ್ನದ ಹೊತ್ತು ಈಗಲೂ ನಮ್ಮ ನಾಲ್ವರದೇ ರಾಜ್ಯ. ನಾನು, ನನ್ನ ಎದುರಿಗೆ ತೊಮೆ, ಒಂದು ಪಕ್ಕಕ್ಕೆ ಕ್ಷೌರದ ಶಿಮಾಮೊರಿ, ಇನ್ನೊಂದು ಪಕ್ಕಕ್ಕೆ ಗುಡ್ಡದ ಮಠದ ಕೈಗೆನ್ ಸ್ವಾಮಿಗಳು. ಹೋದ ಶನಿವಾರ ನನಗೆ ‘ನಾಡಿಗೊಬ್ಬನೇ ಸರದಾರ’ ಬಿತ್ತು. ಒಂದಕ್ಕೊಂದು ನಂಟಿಲ್ಲದ ಹದಿಮೂರು ಬಗೆಯ ಒಂಟಿ ಬಿಲ್ಲೆಗಳು ಒಂದೇ ಕೈಯಲ್ಲಿ ಬಂದು ಕೂಡುವುದೆಂದರೆ ಸುಮ್ಮನೆಯೇ? ಹಿರಿಯರು ಆ ಕೈಗೆ ಹೆಸರಿಟ್ಟದ್ದು ನಾನು ಹುಟ್ಟುವುದಕ್ಕೆ ಮುಂಚೆ, ಆದರೂ ನನ್ನನ್ನು ನೋಡಿಯೇ ಇಟ್ಟ ಹಾಗಿದೆ. ಇದು ನನ್ನ ಮೂರನೆಯ ಸರದಾರ. ಅಲ್ಲ, ಎರಡನೆಯದು ಎಂದು ತೊಮೆ ವಾದಿಸುತ್ತಾಳೆ. ಒಂದನ್ನು ಅವಳು ಕಣ್ಣಾರೆ ನೋಡಿಲ್ಲವಂತೆ. ಅವಳು ನೋಡದ್ದೆಲ್ಲ ಸುಳ್ಳಾದರೆ ಸಮುದ್ರದ ತಳವೂ ಸುಳ್ಳು.

‘ನಾಲ್ಕು ಗುಟ್ಟು’ ನನಗೆ ಆಗಿದೆ. ‘ಹಸಿರೇ ಹಸಿರು’ ಆಗಿದೆ. ಉಳಿದಿರುವುದು ಒಂದೇ, ‘ಒಂಬತ್ತು ಬಾಗಿಲು’. ಅದನ್ನು ಕೂಡಿಸಿದವರ ಪಟ ತೆಗೆದು ಗೋಡೆಗೆ ತೂಗುಹಾಕುವುದು ತೊಮೆಯ ಮನೆಯ ಪದ್ಧತಿ, ಆದರೆ ಅಂಗಡಿ ಶುರುವಾದಾಗಿನಿಂದ ಒಂದು ಪಟವೂ ಗೋಡೆ ಏರಿಲ್ಲ. ಆ ಕೈ ಬಂದವನ ಅದೃಷ್ಟ ಅಲ್ಲಿಗೇ ಖರ್ಚಾಗಿ ಅವನು ಬೇಗ ಸಾಯುತ್ತಾನೆ ಎಂದು ಶಿಮಾಮೊರಿ ಹೆದರಿಸುತ್ತಾನೆ. ನನ್ನ ಅದೃಷ್ಟದ ಹಂಡೆಗೆ ಅವನು ತಳ ಕಂಡಿದ್ದಾನೆಯೇ?

ಐದನೆಯ ತಿಂಗಳು ತುಂಬಲಿ. ಪಂಚಾಂಗದಲ್ಲಿ ನಾಯಿಯ ದಿನ ಬಂದ ಬೆಳಿಗ್ಗೆಯೇ ದೇವಿಯ ಗುಡಿಗೆ ಹೋಗಿ ನಿನ್ನ ಹೊಟ್ಟೆಗೆ ಕಟ್ಟುವ ಬಟ್ಟೆಯ ಪಟ್ಟಿಯನ್ನು ಮಂತ್ರ ಹಾಕಿಸಿ ತರುತ್ತೇನೆ. ನಾಯಿ ಹಡೆದಷ್ಟು ಸಲೀಸಾಗಿ ನೀನೂ ಹಡೆಯಬೇಕು. ಅದು ತವರಿನಿಂದ ಬರಬೇಕಾದದ್ದು. ಅಣ್ಣ ಅತ್ತಿಗೆ ಹೋದ ಮೇಲೆ ನಿನ್ನ ತವರೆಂದರೆ ನಾನೊಬ್ಬನೇ ತಾನೇ. ಒಬ್ಬನಾದರೂ ನಾಲ್ವರ ತೂಕ.

ನಿನ್ನ ಚಿಕ್ಕಪ್ಪ
ಗೆಂಪಾಚಿ


ಸೆಂದಾಯ್
೨೧ ಜುಲೈ

ಚಿಕ್ಕಪ್ಪ,

ನಿಮ್ಮ ಕಾಗದ ಓದಿ ನಕ್ಕೆ. ನಗಬಾರದು ಎಂದು ಡಾಕ್ಟರು ಇನ್ನೂ ಹೇಳಿಲ್ಲ, ಸದ್ಯ. ನನ್ನ ತಲೆಯ ಮೇಲಿನ ಹಲಗೆಗಳಲ್ಲಿ ಮರದ ಗಂಟುಗಳಿವೆ. ಅವನ್ನೇ ಬಿಲ್ಲೆಗಳೆಂದುಕೊಂಡು ನೀವು ಕಲಿಸಿದ ಹಾಗೆ ಜೋಡಿಸುತ್ತ ಮಲಗಿರುತ್ತೇನೆ. ಅಲ್ಲೂ ಗೆಲ್ಲುವುದಿಲ್ಲ.

ಯಾರಿಗೂ ಹೇಳಬೇಡಿ ಎಂದದ್ದಕ್ಕೆ ಮನಸ್ಸು ಕಹಿ ಮಾಡಿಕೊಳ್ಳಬೇಡಿ. ಹೋದ ಸಲ ಬಂದರಿನವರೆಲ್ಲ ಪ್ರೀತಿಯಿಂದ ಮಗುವಿನ ಬಟ್ಟೆಗಳನ್ನು ಕಳಿಸಿದ್ದರು. ಆಮೇಲೆ ಅವನ್ನೆಲ್ಲ ಮಡಚಿ ಪೆಟ್ಟಿಗೆಗೆ ತುಂಬಿದವಳು ನಾನು. ತೊಮೆ ಅತ್ತೆ ಹೆಣೆದ ಟೊಪ್ಪಿಗೆ ನನ್ನ ಮುಷ್ಟಿಯ ಮೇಲೆ ಸರಿಯಾಗಿ ಕೂರುತ್ತಿತ್ತು. ಈ ಸಲ ಮಗು ಕೈಗೆ ಬರುವವರೆಗೆ ಯಾರೂ ಏನೂ ಹೆಣೆಯದಿರಲಿ. ಫೋನೂ ಬೇಡ. ನೂಡಲ್ ಅಂಗಡಿಯ ಫೋನಿನಲ್ಲಿ ನೀವು ಗುಟ್ಟು ಹೇಳಿದರೆ ಹಡಗಿನವರೆಲ್ಲ ಕೈತಟ್ಟುತ್ತಾರೆ.

ಪಟ್ಟಿಯನ್ನು ಮಾತ್ರ ಮರೆಯಬೇಡಿ. ಇಂಥದ್ದನ್ನೆಲ್ಲ ನಂಬುವವಳಲ್ಲ ನನ್ನ ಕಿಯೊಮಿ ಎಂದು ನೀವೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಿರಿ. ಹೋದ ಸಲ ನಂಬದೆ, ಪಟ್ಟಿಯೆಲ್ಲ ಬೇಡ ಎಂದಿದ್ದೆ.

ಈ ಸಲ ಬೇಕು.

ಕಿಯೊಮಿ


ಹಾಚಿನೊಹೆ
೨೮ ಸೆಪ್ಟೆಂಬರ್

ಕಿಯೊಮಿ ಮಗಳೇ,

ಇಲ್ಲಿ ಎಲ್ಲ ಕ್ಷೇಮ. ಮಳೆ ಕಡಿಮೆ. ಬೊಂಡಾಸ್ ಮೀನು ಈ ವರ್ಷ ಸಾಧಾರಣವಾಗಿ ಬರುತ್ತಿದೆ. ಗಾತ್ರವೂ ಸಾಧಾರಣ. ಶಿಮಾಮೊರಿಯ ಹಲ್ಲುನೋವು ಇಳಿದಿದೆ. ಪಟ್ಟಿ ಬರುವುದು ಸ್ವಲ್ಪ ತಡವಾಗುತ್ತದೆ, ಅಂಚೆಯಲ್ಲಿ ಏನೋ ಗಲಾಟೆಯಂತೆ.

ಮೈ ನೋಡಿಕೋ.

ಚಿಕ್ಕಪ್ಪ


ಸೆಂದಾಯ್
೪ ಅಕ್ಟೋಬರ್

ಚಿಕ್ಕಪ್ಪ,

ಅಂಚೆಯಲ್ಲಿ ಗಲಾಟೆ ಎಂದು ನೀವು ಬರೆದ ಕಾಗದ ಮಾರನೆಯ ದಿನವೇ ಬಂದು ತಲುಪಿತು.

ಬೊಂಡಾಸ್ ಸಾಧಾರಣ ಎಂದಿದ್ದೀರಿ. ನಿಮ್ಮ ಕೈಯಿಂದ ‘ಸಾಧಾರಣ’ ಎಂಬ ಪದ ಬಂದದ್ದನ್ನು ನಾನು ಈವರೆಗೆ ನೋಡಿಲ್ಲ. ಕೋಹೆಯ್‌ಗೆ ಓದಿ ಹೇಳಿದೆ. “ಇದು ಬೇರೆ ಯಾರದ್ದೋ ಮನೆ ಕಾಗದ ಕಣೆ, ವಿಳಾಸ ನೋಡು,” ಎಂದರು. ಮೇಜಿನ ಸುದ್ದಿಯಿಲ್ಲ, ತೊಮೆ ಅತ್ತೆಯನ್ನು ಬೈದಿಲ್ಲ, ನೀವು ಏನನ್ನೂ ಗೆದ್ದಿಲ್ಲ. ನಾಯಿಯ ದಿನ ಕಳೆದು ಎಷ್ಟೋ ದಿನವಾಯಿತು. ಇಲ್ಲಿಯ ನಮ್ಮತ್ತೆ ಒಳ್ಳೆಯವರೇ, ಆದರೂ ನಿನ್ನೆ ಗಂಜಿ ಕೊಡುವಾಗ “ನಿನ್ನ ಚಿಕ್ಕಪ್ಪಂಗೆ ಪುರುಸೊತ್ತಾಗ್ಲಿಲ್ವೇನೋ ಪಾಪ. ಇಲ್ಲೇ ಒಂದು ತರಿಸ್ಲಾ?” ಎಂದರು. ಬೇಡ, ನಮ್ಮೂರಿಂದ ಬರತ್ತೆ ಎಂದೆ.

ಕಾಯಿಲೆಯೇ ನಿಮಗೆ? ನನಗೆ ಹೇಳಬಾರದಂಥ ಕಾಯಿಲೆಯೇ? ಉತ್ತರ ಬಾರದಿದ್ದರೆ ನಾನೇ ಎದ್ದು ರೈಲು ಹತ್ತುತ್ತೇನೆ. ಇದು ಬೆದರಿಕೆ.

ಕಿಯೊಮಿ


ಹಾಚಿನೊಹೆ
೭ ಅಕ್ಟೋಬರ್

ಮಗಳೇ,

ಏಳಬೇಡ. ಹೇಳುತ್ತೇನೆ.

ನಾಯಿಯ ದಿನ ಕೋಟು ಹಾಕಿಕೊಂಡು ಗುಡ್ಡ ಹತ್ತಿದೆ. ಬಸುರಿಯರ ನಡುವೆ ಗಂಡಸು ನಾನೊಬ್ಬನೇ, ಒಬ್ಬಳು ನನಗೆ ಜಾಗ ಬಿಟ್ಟು ಕೂರಿಸಿದಳು. ದೇವಿಯ ಮುಂದೆ ನಿನ್ನ ಹೆಸರು ಹೇಳಿಸಿ, ಪಟ್ಟಿ ತೆಗೆದುಕೊಂಡು, ಮಡಿಕೆ ಕೆಡದ ಹಾಗೆ ಕೋಟಿನೊಳಗೆ ಎದೆಗೆ ಇಟ್ಟುಕೊಂಡೆ. ನೇರ ಅಂಚೆ ಕಚೇರಿಗೆ ಹೋಗುವವನೇ. ದಾರಿ ತೊಮೆಯ ಅಂಗಡಿಯ ಕೆಳಗೇ ಹಾದು ಹೋಗುತ್ತದೆ, ಅದು ನನ್ನ ತಪ್ಪಲ್ಲ. ಶಿಮಾಮೊರಿ ಕಿಟಕಿಯಿಂದ ಕಂಡ.

“ಏನೋ ಗೆಂಪಾಚಿ, ಕೋಟು ಗೀಟು! ಹೆಣ್ಣು ನೋಡೋಕೆ ಹೋಗಿದ್ಯಾ?”

“ಹೋಗಿದ್ದೆ. ನೀನು ಮಾಡಿದ ಕ್ಷೌರ ನೋಡಿ ಬೇಡ ಅಂದ್ಬಿಟ್ಳು.”

“ಬಾ ಬಾ, ಮೂರೇ ಜನ ಇದ್ದೀವಿ. ಒಂದೇ ಆಟ.”

ಒಂದೇ ಆಟ ಎಂದು ಹತ್ತಿದೆ, ಅದು ದೇವರ ಸತ್ಯ. ಕೋಟನ್ನೂ ಬಿಚ್ಚಲಿಲ್ಲ. ಮೊದಲು ಏನೋ ಪುಡಿಚಿಲ್ಲರೆ ಕೈ. ಆಮೇಲೆ ಒಂದರಿಂದ ಒಂಬತ್ತರವರೆಗೆ ಅಂಕೆಯಿರುವ ಅಕ್ಷರದ ಬಿಲ್ಲೆಗಳು ಬರತೊಡಗಿದವು ನೋಡು, ಗಾಳಕ್ಕೆ ತಾವೇ ಬಾಯಿ ಕೊಡುವ ಮೀನುಗಳ ಹಾಗೆ. ಒಂದು ಮೂರು ಸಲ. ಒಂಬತ್ತು ಮೂರು ಸಲ. ನಡುವೆ ಎರಡರಿಂದ ಎಂಟರವರೆಗೆ ಒಂದೊಂದು, ಮೆಟ್ಟಿಲು ಕಟ್ಟಿದ ಹಾಗೆ. ಇನ್ನು ಅಕ್ಷರದ ಯಾವ ಅಂಕೆ ಬಂದರೂ ಬಾಗಿಲು ತೆರೆದಿದೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಎದೆಯ ಮೇಲಿನ ಪಟ್ಟಿಯೂ ಅದರ ಜೊತೆ ಅಲುಗುತ್ತಿತ್ತು. ಶಿಮಾಮೊರಿ ಮೂಗು ಒರೆಸಿಕೊಳ್ಳುತ್ತ ಅಕ್ಷರದ ಎರಡನ್ನು ಎಸೆದ.

ನಾನು ಕೂಗಿದ ಕೂಗಿಗೆ ಕೆಳಗೆ ಊಟ ಮಾಡುತ್ತಿದ್ದವನ ಗಂಟಲಲ್ಲಿ ನೂಡಲ್ ಸಿಕ್ಕಿಕೊಂಡಿತಂತೆ.

ಆಮೇಲೆ ಶಿಮಾಮೊರಿ “ಒಂಬತ್ತು ಬಾಗ್ಲು! ನನ್ನ ಬಿಲ್ಲೇಲೇ ಬಂತಲ್ಲಪ್ಪಾ!” ಎಂದು ತಲೆ ಚಚ್ಚಿಕೊಂಡ. ಕೈಗೆನ್ ಸ್ವಾಮಿಗಳು ಜಪಮಣಿ ತೆಗೆದು, “ಸತ್ತ ಮೇಲೆ ಮಠದಿಂದ ನಿಂಗೆ ಇಡೋ ಹೆಸರನ್ನ ಈಗ್ಲೇ ಯೋಚ್ನೆ ಮಾಡ್ತೀನಿ ಗೆಂಪಾಚಿ. ಉದ್ದದ್ದೇ ಇಡ್ತೀನಿ, ನಿಂಗೆ ಚಿಕ್ಕದು ಸಾಲಲ್ಲ,” ಎಂದರು. ತೊಮೆ ಸುಮ್ಮನೆ ಚಹಾ ಬಗ್ಗಿಸಿದಳು. ಶಿಮಾಮೊರಿ ಓಡಿಹೋಗಿ ಕ್ಯಾಮೆರಾ ತಂದ. ಯಾರೂ ಒಂದು ಬಿಲ್ಲೆಯನ್ನೂ ಮುಟ್ಟಕೂಡದು ಎಂದು ಕೂಗಾಡಿ, ಕುರ್ಚಿಯ ಮೇಲೆ ಹತ್ತಿ ಇಡೀ ಮೇಜು ಬರುವ ಹಾಗೆ ಪಟ ತೆಗೆದ.

ಪಟದ ಒಂದು ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮನೆಯಲ್ಲಿಟ್ಟುಕೊಳ್ಳಲಾರೆ. ನೋಡು, ನಾನು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದೇನೆ. ಹೆಮ್ಮೆ ಎಂದು ಅವರೆಲ್ಲ ತಿಳಿದರು. ನನ್ನ ಕೈಗೆ ಆಗಷ್ಟೇ ಪಟ್ಟಿ ತಗುಲಿತ್ತು.

ಸಾವಿನ ಹೆದರಿಕೆ ನನಗಿಲ್ಲ, ಅದು ನನ್ನನ್ನು ಕಂಡರೆ ಪಕ್ಕದ ಓಣಿ ಹಿಡಿಯುತ್ತದೆ. ಆದರೆ ಕಿಯೊಮಿ, ಆ ಅದೃಷ್ಟ ನನ್ನದಾಗಿರಲಿಲ್ಲ. ನಿನಗೆಂದು ಬೇಡಿಕೊಂಡು ಎದೆಯಲ್ಲಿಟ್ಟು ತರುತ್ತಿದ್ದದ್ದನ್ನು ದಾರಿಯಲ್ಲಿ ಕೂತು ನಾನು ತಿಂದುಬಿಟ್ಟೆ. ಈ ಖಾಲಿ ಬಟ್ಟೆಯನ್ನು ನಿನ್ನ ಹೊಟ್ಟೆಗೆ ಹೇಗೆ ಕಟ್ಟಿಸಲಿ? ಮಾರನೆಯ ದಿನ ಇನ್ನೊಂದು ಕೇಳಲು ಗುಡಿಗೆ ಹೋದೆ. “ಒಂದು ಬಸಿರಿಗೆ ಒಂದೇ ಕಣಪ್ಪ. ಮೊದಲ್ನೇದು ಏನು ಮಾಡ್ದೆ?” ಎಂದಳು ಅಲ್ಲಿಯ ಮುದುಕಿ. ಏನೆಂದು ಹೇಳಲಿ?

ಈಗ ಉಳಿದಿರುವುದು ಒಂದೇ ದಾರಿ. ನಿನಗೆ ಕಲಿಸಿದ್ದೆನಲ್ಲ, ತಾನೇ ಒಮ್ಮೆ ಎಸೆದ ಅಂಕೆಗೆ ತನ್ನ ಕೈ ಕಾಯುತ್ತಿದ್ದರೆ, ಬೇರೆಯವರು ಎಸೆದದ್ದರಿಂದ ಗೆಲ್ಲುವ ಹಾಗಿಲ್ಲ, ಅದು ತಪ್ಪು ಕೂಗು. ಒಂಬತ್ತು ಬಾಗಿಲು ಕಾಯುವುದು ಅಕ್ಷರದ ಎಲ್ಲ ಅಂಕೆಗೂ. ಅಂದರೆ ಆ ಆಟದಲ್ಲಿ ನಾನು ಅಕ್ಷರದ ಒಂದೇ ಒಂದು ಬಿಲ್ಲೆ ಎಸೆದಿದ್ದರೂ ಆ ಗೆಲುವು ಗೆಲುವಲ್ಲ, ಅದೃಷ್ಟವೂ ಖರ್ಚಾಗಿಲ್ಲ. ಆದ್ದರಿಂದ ಹೋಗಿ ಹೇಳಿದೆ.

“ನಾನು ಮೊದ್ಲೇ ಒಂದು ಅಕ್ಷರ ಎಸೆದಿದ್ದೆ ಕಣ್ರೋ. ತಪ್ಪು ಆಟ. ಪಟ ಇಳಿಸಿ.”

“ಯಾವ ಅಂಕೆ?”

“ಏಳು.”

“ನಿನ್ನೆ ಮೂರು ಅಂದಿದ್ದೆ.”

“ಎರಡೂ ಎಸೆದಿದ್ದೆ.”

ಶಿಮಾಮೊರಿ ನನ್ನ ಕಿವಿ ಹಿಡಿದು ಪಟದ ಮುಂದೆ ನಿಲ್ಲಿಸಿದ. “ನೋಡೋ, ನೀನು ಎಸೆದ ಸಾಲು ಇಲ್ಲೇ ಇದೆ. ಒಂದಾದ್ರೂ ಅಕ್ಷರ ಇದ್ಯಾ? ಚೊಕ್ಕ ಚಿನ್ನ ಕಣೋ ನಿನ್ನ ಕೈ!”

“ಸಾಯೋಕೆ ಇಷ್ಟು ಹೆದ್ರುತ್ತಾನೆ ಅಂತ ಗೊತ್ತಿರ್ಲಿಲ್ಲ,” ಎಂದರು ಸ್ವಾಮಿಗಳು, ಕನಿಕರದಿಂದ.

ಇಷ್ಟು ವರ್ಷ ನಾನು ಗೆದ್ದೆ ಗೆದ್ದೆ ಎಂದಾಗ ಸುಳ್ಳ ಎಂದವರು ಇವರೇ. ಈಗ ನಾನು ಸುಳ್ಳ ಎಂದು ನಾನೇ ಹೇಳಿಕೊಂಡರೆ ಒಬ್ಬರೂ ನಂಬುತ್ತಿಲ್ಲ.

ಬೈದು ಬರೆ. ಬೈಯದೆ ಮಾತ್ರ ಇರಬೇಡ.

ಗೆಂಪಾಚಿ


ಸೆಂದಾಯ್
೨೬ ಅಕ್ಟೋಬರ್

ಚಿಕ್ಕಪ್ಪ,

ಉತ್ತರ ತಡವಾದದ್ದು ಬೇಸರದಿಂದಲ್ಲ ಎಂದು ಮೊದಲ ಸಾಲು ಬರೆದಿದ್ದೆ. ಸುಳ್ಳಾಯಿತೆಂದು ಆ ಹಾಳೆ ಹರಿದೆ. ಬೇಸರವಾಯಿತು. ಹೆದರಿಕೆಯೂ ಆಯಿತು. ಆ ದಿನ ಮಗು ಅಲುಗದೆ ಸುಮ್ಮನಿದ್ದ ಹಾಗೆ ಅನಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಸಂಜೆಯವರೆಗೆ ಕಾದೆ. ಆಮೇಲೆ ಒದೆಯಿತು. ಒದ್ದ ಮೇಲೆ ನಿಮ್ಮ ಮೇಲಿನ ಸಿಟ್ಟು ಹೋಯಿತು, ಪಟ ತೆಗೆದು ನೋಡಿದೆ.

ಮಲಗಿದವಳಿಗೆ ಬೇರೆ ಕೆಲಸವೇನು? ಬೆಳಿಗ್ಗೆ ನೋಡಿದೆ, ಊಟವಾದ ಮೇಲೆ ನೋಡಿದೆ. ಅತ್ತೆ ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ಕೇಳಿ ಇಸಿದುಕೊಂಡು ನೋಡಿದೆ. ನಿಮ್ಮ ಕೈ ಚೆಂದವಿದೆ ಚಿಕ್ಕಪ್ಪ. ಅಷ್ಟು ಚೆಂದವಿದ್ದದ್ದೇ ಕಷ್ಟವಾಯಿತು. ಎಲ್ಲರೂ ಅದನ್ನೇ ನೋಡಿದಿರಿ. ಅದು ಬಿಟ್ಟರೆ ನೀವು ಎಸೆದ ಸಾಲನ್ನು ನೋಡಿದಿರಿ. ತೊಮೆ ಅತ್ತೆಯ ಮೂಲೆಯನ್ನು ಒಬ್ಬರೂ ನೋಡಲಿಲ್ಲ.

ಅಲ್ಲಿ ಅಕ್ಷರದ ಐದು, ಮೂರು ಬಿಲ್ಲೆ, ತೆರೆದು ಇಟ್ಟಿದ್ದಾರೆ. ಎರಡು ಅವರ ಕೈಯಲ್ಲಿದ್ದವು, ಮೂರನೆಯದು ಯಾರೋ ಎಸೆದದ್ದನ್ನು ಎತ್ತಿಕೊಂಡದ್ದು. ಎತ್ತಿಕೊಂಡದ್ದನ್ನು ಅಡ್ಡ ಮಲಗಿಸಬೇಕು, ಯಾರಿಂದ ಎತ್ತಿದರೋ ಅದು ತಿಳಿಯಬೇಕು ಎಂದು ಕಲಿಸಿದವರು ನೀವೇ. ಎಡಗಡೆಯವರದ್ದಾದರೆ ಎಡದ ಬಿಲ್ಲೆ ಅಡ್ಡ. ಬಲಗಡೆಯವರದ್ದಾದರೆ ಬಲದ್ದು. ಎದುರಿನವರದ್ದಾದರೆ ನಡುವಿನದು.

ತೊಮೆ ಅತ್ತೆಯ ಮೂರರಲ್ಲಿ ನಡುವಿನದು ಅಡ್ಡ ಮಲಗಿದೆ. ಅವರ ಎದುರಿಗೆ ಕೂತವರು ಯಾರು?

ಆಟದ ಮೊದಲಿಗೆ, ಪುಡಿಚಿಲ್ಲರೆ ಕೈ ಎಂದಿರಲ್ಲ ಆ ಹೊತ್ತಿಗೆ, ನೀವು ಐದನ್ನು ಎಸೆದಿದ್ದೀರಿ. ಅವರು ಎತ್ತಿಕೊಂಡರು, ಅದು ನಿಮ್ಮ ಸಾಲಿನಿಂದ ಹೊರಟುಹೋಯಿತು, ಅದಕ್ಕೇ ಅಲ್ಲಿ ಕಾಣುವುದಿಲ್ಲ. ಆಮೇಲೆ ನಾಲ್ಕರಲ್ಲಿ ಉಳಿದ ಕೊನೆಯ ಐದು ನಿಮ್ಮ ಕೈಗೆ ಬಂದಾಗ ಮೊದಲಿನದನ್ನು ನೀವೂ ಮರೆತಿರಿ. ಅದು ತಪ್ಪು ಕೂಗು. ಮೂರು ಎಂದಿರಿ, ಏಳು ಎಂದಿರಿ. ಅಂಕೆ ಮಾತ್ರ ಸುಳ್ಳು, ಉಳಿದದ್ದೆಲ್ಲ ನಿಜ.

ಪಟ್ಟಿ ಕಳಿಸಿ. ಹೊಟ್ಟೆ ದೊಡ್ಡದಾಗಿದೆ, ತಡಮಾಡಿದರೆ ಗಂಟು ಹಾಕಲು ಸಾಲುವುದಿಲ್ಲ.

ಕಿಯೊಮಿ


ಹಾಚಿನೊಹೆ
೧ ನವೆಂಬರ್

ನನ್ನ ಜಾಣ ಮಗಳೇ,

ಯಾರು ಕಲಿಸಿದ್ದು ಹೇಳು! ಹಾಚಿನೊಹೆಯಲ್ಲಿ ಇಷ್ಟು ವರ್ಷ ಆಡಿದವರಿಗೆ ಕಾಣದ್ದು ಹಾಸಿಗೆಯಲ್ಲಿ ಮಲಗಿದ ನಿನಗೆ ಕಂಡಿತೆಂದರೆ ಅದರಲ್ಲಿ ಮುಕ್ಕಾಲು ಪಾಲು ಕೀರ್ತಿ ಕಲಿಸಿದವನದು.

ಕಾಗದ ಬಂದ ದಿನ ಮಧ್ಯಾಹ್ನವೇ ಮಾಳಿಗೆ ಹತ್ತಿದೆ. ನಿನ್ನ ಮಾತು ಎತ್ತಲಿಲ್ಲ. ಗೋಡೆಯ ಪಟವನ್ನು ಇಳಿಸಿ ಮೇಜಿನ ಮೇಲಿಟ್ಟು, ತೊಮೆಯ ಮೂಲೆಗೆ ಬೆರಳಿಟ್ಟೆ.

“ಈ ಐದು ಯಾರ್ದು?”

ಶಿಮಾಮೊರಿ ಬಗ್ಗಿ ನೋಡಿದ. ಕನ್ನಡಕ ಹಾಕಿಕೊಂಡು ನೋಡಿದ. “ಅಯ್ಯೋ!” ಎಂದ. “ಅಯ್ಯೋ ಅಯ್ಯೋ. ನಡುವಿಂದು ಅಡ್ಡ ಇದ್ಯಲ್ಲೋ!” ಸ್ವಾಮಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ಅವರಿಗೆ ಯೋಚಿಸಿಟ್ಟ ಹೆಸರು ದಂಡವಾಯಿತೆಂದು ಬೇಸರವೂ ಆಯಿತು.

ತೊಮೆ ಪಟದ ಕಡೆ ನೋಡಲೇ ಇಲ್ಲ. “ನಿಮ್ದೇ ರೀ ಅದು,” ಎಂದಳು.

“ಗೊತ್ತಿತ್ತಾ ನಿಂಗೆ?”

“ಎತ್ಕೊಂಡಿದ್ದು ನಾನೇ ಅಲ್ವಾ. ಗೊತ್ತಿಲ್ದೆ ಏನು.”

“ಮತ್ತೆ ಆವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?”

“ಬಿಡೋಣ ಅಂತಲೇ ಇದ್ದೆ. ನೀವು ಕೂಗಿದ್ರಲ್ಲ, ಆಗ ನಿಮ್ಮ ಮುಖ ನೋಡ್ದೆ.” ಅವಳು ಬಟ್ಟೆಯಿಂದ ಮೇಜು ಒರೆಸತೊಡಗಿದಳು, ಮೇಜು ಚೊಕ್ಕವಾಗಿಯೇ ಇತ್ತು. “ಆಮೇಲೆ ಬಂದು ಪಟ ಇಳಿಸಿ ಇಳಿಸಿ ಅಂದ್ರಿ. ಸಾಯೋಕೆ ಹೆದ್ರಿದ್ದಾರೆ ಪಾಪ, ಹೆದರಿಕೆ ನಾಲ್ಕು ದಿನದಲ್ಲಿ ಹೋಗತ್ತೆ, ಪಟ ಉಳ್ಯತ್ತೆ ಅಂದ್ಕೊಂಡೆ. ಇಷ್ಟು ದಿನ ಬರೀ ಬಾಯಲ್ಲೇ ದೊಡ್ಡವ್ರಾಗಿದ್ರಿ. ಒಂದಾದ್ರೂ ಗೋಡೆ ಮೇಲಿರ್ಲಿ ಅಂತ.”

ನಾನು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಮೇಜಿನ ಉಳಿದರ್ಧ ಒರೆಸಿದೆ. ಇದು ನನಗೆ ಹೊಸದು.

ತಪ್ಪು ಕೂಗಿದವನು ಎಲ್ಲರಿಗೂ ನೂಡಲ್ ಕೊಡಿಸಬೇಕು ಎಂದು ಶಿಮಾಮೊರಿ ಅಲ್ಲಿಯೇ ಒಂದು ಕಾನೂನು ಮಾಡಿದ. ಕೊಡಿಸಿದೆ. ಈಗ ಬಂದರಿನಲ್ಲಿ ನನ್ನ ಹೊಸ ಹೆಸರು ‘ಗೆಲುವು ವಾಪಸು ಕೊಟ್ಟ ಪುಕ್ಕಲ’. ಮಂಜುಗಡ್ಡೆ ತುಂಬಿಸಲು ಬಂದ ಹಡಗಿನ ಹುಡುಗರೂ ಹಾಗೇ ಕರೆಯುತ್ತಾರೆ. ಕಾರಣ ನಾಲಿಗೆಯ ತುದಿಗೆ ಬಂದು ಬಂದು ನಿಲ್ಲುತ್ತದೆ. ನುಂಗಿಕೊಳ್ಳುತ್ತೇನೆ. ಕರೆಯಲಿ ಬಿಡು, ಪುಕ್ಕಲರಲ್ಲೂ ನನ್ನಷ್ಟು ದೊಡ್ಡವನು ಈ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ.

ಪಟ್ಟಿಯನ್ನು ಇದರ ಜೊತೆಯಲ್ಲೇ ಕಳಿಸಿದ್ದೇನೆ. ಒಂದು ಮಧ್ಯಾಹ್ನ ಬಿಸಿಲಿಗೆ ಹರಡಿ, ಪಕ್ಕದಲ್ಲೇ ಕೂತು ಕಾದಿದ್ದೇನೆ, ಎಲ್ಲೂ ಹೋಗಲಿಲ್ಲ. ಪಟ ಇಳಿಸಿದಾಗ ಕಣ್ಣು ಸ್ವಲ್ಪ ಉರಿಯಿತು. ಕೆಳಗೆ ಮೀನು ಸುಡುತ್ತಿದ್ದರು, ಅದರ ಹೊಗೆ.

ನಿನ್ನ ಚಿಕ್ಕಪ್ಪ
ಗೆಂಪಾಚಿ


ಸೆಂದಾಯ್
೧೯ ಜನವರಿ ೧೯೭೯

ಚಿಕ್ಕಪ್ಪ,

ನೀವು ಕಳಿಸಿದ ಸೇಬು, ಒಣಬೊಂಡಾಸ್ ಎರಡೂ ಬಂದವು. ಸೇಬು ನನಗೆ, ಬೊಂಡಾಸ್ ಕೋಹೆಯ್‌ಗೆ. ಪಟ್ಟಿ ಕಟ್ಟಿಕೊಂಡೇ ಇದ್ದೇನೆ. ಅತ್ತೆ ದಿನಾ ಬಿಚ್ಚಿ ಕಟ್ಟುತ್ತಾರೆ, “ನಿಮ್ಮೂರಿನ ಬಟ್ಟೆ ಗಟ್ಟಿ ಕಣೆ,” ಎನ್ನುತ್ತಾರೆ.

ಇನ್ನು ಹೆಚ್ಚು ದಿನವಿಲ್ಲ ಎಂದಿದ್ದಾರೆ ಡಾಕ್ಟರು. ಆಸ್ಪತ್ರೆಗೆ ಹೋಗುವ ಮೊದಲು ನಿಮಗೆ ಒಂದು ಮಾತು ಬರೆದುಬಿಡಬೇಕು. ಆಮೇಲೆ ಬರೆದರೆ ಅದಕ್ಕೆ ಬೆಲೆಯಿರುವುದಿಲ್ಲ.

ಹೋದ ಸಲ ಮಗು ಹೋದ ಮೇಲೆ ನಾನು ದಿನಗಳನ್ನು ಹಿಂದಕ್ಕೆ ತಿರುವಿ ನೋಡುತ್ತಿದ್ದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ ದಿನ. ಬಸ್ಸಿನ ಹಿಂದೆ ಓಡಿದ ದಿನ. ತಣ್ಣೀರಲ್ಲಿ ಬಟ್ಟೆ ಹಿಂಡಿದ ದಿನ. ಪಟ್ಟಿ ಬೇಡ ಎಂದ ದಿನವಂತೂ ಎಷ್ಟು ಸಲವೋ. ಎಲ್ಲಿ ಎಸೆಯಬಾರದ್ದನ್ನು ಎಸೆದೆ ಎಂದು ಒಂದೊಂದನ್ನೂ ಎತ್ತಿ ಎತ್ತಿ ನೋಡುತ್ತಿದ್ದೆ. ಕೋಹೆಯ್‌ಗೂ ಹೇಳಿಲ್ಲ. ನಿಮ್ಮ ಪಟವನ್ನು ಭೂತಗನ್ನಡಿ ಹಿಡಿದು ನೋಡುವಾಗ ನನಗೆ ಆ ಕೆಲಸ ಚೆನ್ನಾಗಿ ಗೊತ್ತಿತ್ತು, ಅಭ್ಯಾಸವಾಗಿತ್ತು.

ಪಟದಲ್ಲಿ ಸಿಕ್ಕಿತು. ಆ ದಿನಗಳಲ್ಲಿ ಮಾತ್ರ ಏನೂ ಸಿಕ್ಕಿಲ್ಲ, ಚಿಕ್ಕಪ್ಪ. ಇಲ್ಲದ್ದು ಸಿಗುವುದಿಲ್ಲ ಎಂದು ಈಚೆಗೆ ಅನಿಸುತ್ತಿದೆ.

ಅದಕ್ಕೇ ಬರೆಯುತ್ತಿದ್ದೇನೆ. ತೊಮೆ ಅತ್ತೆಯ ನಡುವಿನ ಬಿಲ್ಲೆ ನೆಟ್ಟಗೆ ನಿಂತಿದ್ದರೂ, ನಿಮ್ಮ ಕೈ ಚೊಕ್ಕ ಚಿನ್ನವೇ ಆಗಿದ್ದರೂ ನಾನು ಪಟ್ಟಿ ಕಳಿಸಿ ಎಂದೇ ಬರೆಯುತ್ತಿದ್ದೆ. ನಾಳೆ ಏನೇ ಆಗಲಿ, ನೀವು ಕೂತು ನಿಮ್ಮ ದಿನಗಳನ್ನು ತಿರುವಬಾರದು. ಮಾಳಿಗೆ ಹತ್ತಿದ್ದನ್ನು, ಕೂಗಿದ್ದನ್ನು, ಯಾವುದನ್ನೂ. ಹಾಗೆಂದು ನನಗೆ ಮಾತು ಕೊಡಿ. ನೀವು ಕೊಟ್ಟರೆ ನಾನೂ ಕೊಡುತ್ತೇನೆ.

ಮಗು ಕೈಗೆ ಬಂದ ದಿನ ಬಾಯಿಯ ಬೀಗ ತೆಗೆಯಬಹುದು.

ಕಿಯೊಮಿ


ಹಾಚಿನೊಹೆ
೧೭ ಫೆಬ್ರವರಿ

ಕಿಯೊಮಿ ಮಗಳೇ,

ರೈಲು ಇಳಿದು ಮನೆಗೂ ಹೋಗದೆ ಬರೆಯುತ್ತಿದ್ದೇನೆ. ನೂಡಲ್ ಅಂಗಡಿಯವನು ಈ ಹಾಳೆ ಕೊಟ್ಟ, ಸೋಯಾ ಸಾರಿನ ಕಲೆ ಅವನದು.

ಮಾತು ಕೊಡಿ ಎಂದಿದ್ದೆ ನೀನು, ನಾನು ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಕೊಡುವುದು ಸುಲಭ, ಇಟ್ಟುಕೊಳ್ಳುವುದು ಕಷ್ಟ ಅನಿಸಿತು. ಕೋಹೆಯ್ ಆಸ್ಪತ್ರೆಯಿಂದ ಮಂಜುಗಡ್ಡೆ ಕಾರ್ಖಾನೆಗೆ ಫೋನ್ ಮಾಡಿ, ತುಂಬ ಹೊತ್ತಾಯಿತು, ಇನ್ನೂ ಆಗಿಲ್ಲ ಎಂದ ಬೆಳಿಗ್ಗೆ ನಾನು ಸೀಟು ಸಿಗದೆ ರೈಲಿನ ಬಾಗಿಲಲ್ಲಿ ನಿಂತು ಬಂದೆ. ಮೊರಿಓಕಾ ದಾಟುವವರೆಗೆ ದಿನಗಳನ್ನು ತಿರುವುತ್ತಲೇ ಇದ್ದೆ. ಆಮೇಲೆ ನಿನ್ನ ಕಾಗದ ನೆನೆಸಿಕೊಂಡು ನಿಲ್ಲಿಸಿದೆ. ಹಿಮ ನೋಡಿದೆ. ಈಗ ಕೊಡುತ್ತೇನೆ ಮಾತು. ನೀನೂ ಕೊಡು.

ನೀನು ಬಿಳಿಚಿಕೊಂಡಿದ್ದೆ. ತುಟಿ ಒಡೆದಿತ್ತು. ಆದರೂ ನನ್ನನ್ನು ಕಂಡು “ಕೂಗ್ಬೇಡಿ, ಮಲಗಿದೆ,” ಎಂದೆ. ನಾನು ಇನ್ನೂ ಬಾಯಿಯೇ ತೆರೆದಿರಲಿಲ್ಲ. ಮಗುವನ್ನು ನನ್ನ ತೋಳಿಗೆ ಹಾಕಿದಾಗ ತಲೆ ಎಲ್ಲಿಗೆ, ಹಿಮ್ಮಡಿ ಎಲ್ಲಿಗೆ ಬಂತೆಂದು ನೋಡಿಕೊಂಡೆ.

ಇಲ್ಲಿಗೆ ಬಂದು ಮಾಳಿಗೆ ಹತ್ತಿದೆ. ಮೂವರೂ ನನಗಾಗಿ ಕಾಯುತ್ತ ಬಿಲ್ಲೆ ಕಲೆಸುತ್ತಿದ್ದರು.

“ನಮ್ಮ ಕಿಯೊಮಿಗೆ ಹೆಣ್ಣು ಮಗು,” ಎಂದೆ.

ಶಿಮಾಮೊರಿ ತಲೆಯೆತ್ತಲಿಲ್ಲ. “ಹೌದಾ? ನಂಗೂ ನಿನ್ನೆ ಅವಳಿ ಜವಳಿ ಆಯ್ತು. ಕೂತ್ಕೋ ಬೇಗ.”

“ನಿಜ ಕಣೋ. ಅಲ್ಲಿಂದ್ಲೇ ಬರ್ತಿದ್ದೀನಿ. ಜುಲೈಯಿಂದ ಗೊತ್ತಿತ್ತು ನಂಗೆ.”

“ಜುಲೈಯಿಂದ ಗೊತ್ತಿದ್ದು ನೀನು ಹೇಳ್ದೆ ಇದ್ದೆ?” ಅವನು ಸ್ವಾಮಿಗಳ ಕಡೆ ತಿರುಗಿದ. “ಕೇಳಿದ್ರಾ? ಸುಳ್ಳು ಹೇಳೋದಾದ್ರೂ ಜೋಡಿಸಿ ಹೇಳೋಕೆ ಬರ್ಬೇಡ್ವಾ?”

“ದೇವ್ರಾಣೆ.”

“ನಿನ್ನ ಆಣೆಗೆಲ್ಲ ಸಾಕ್ಷಿ ನಿಂತು ದೇವ್ರು ಸುಸ್ತಾಗಿದ್ದಾನೆ ಬಿಡು,” ಎಂದರು ಸ್ವಾಮಿಗಳು.

ತೊಮೆ ನಗಲಿಲ್ಲ. ನನ್ನ ಕೋಟನ್ನು, ನನ್ನ ಮುಖವನ್ನು ನೋಡುತ್ತಿದ್ದಳು. ಅವಳಿಗೆ ನಾಯಿಯ ದಿನ ನೆನಪಾಯಿತೋ ಏನೋ, ಬಿಲ್ಲೆ ಕಲೆಸುತ್ತಿದ್ದ ಕೈ ನಿಂತಿತು. “ಎಷ್ಟು ದೊಡ್ಡದಿದೆ ರೀ ಮಗು?” ಎಂದು ಕೇಳಿದಳು.

ನಾನು ಎರಡೂ ಕೈಯೆತ್ತಿ ತೋರಿಸಿದೆ. ತಲೆ ಇಲ್ಲಿತ್ತು, ಹಿಮ್ಮಡಿ ಇಲ್ಲಿತ್ತು. ಅಷ್ಟೇ ಅಂತರ. ಒಂದು ಬೆರಳಿನಷ್ಟೂ ಅಗಲಿಸಲಿಲ್ಲ, ಕಿಯೊಮಿ. ಅಗಲಿಸಬೇಕು ಅನ್ನಿಸಲೇ ಇಲ್ಲ.

ಮೂವರೂ ನನ್ನ ಅಂಗೈಗಳ ನಡುವಿನ ಆ ಜಾಗವನ್ನು ನೋಡುತ್ತ ಕೂತರು.

“ಇವ್ನು ಹುಟ್ಟಿದಾಗ್ನಿಂದ ಇಷ್ಟು ಚಿಕ್ಕದು ಏನೂ ತೋರ್ಸಿಲ್ಲ,” ಎಂದ ಶಿಮಾಮೊರಿ ಮೆಲ್ಲಗೆ. “ನಿಜ ಇರ್ಬೇಕು ಕಣ್ರೋ.”

ಆಮೇಲೂ ಬಹಳ ಹೊತ್ತು ಕೈ ಕೆಳಗಿಳಿಸಲು ನನಗೆ ಮನಸ್ಸಾಗಲಿಲ್ಲ.

ಚಿಕ್ಕಪ್ಪ